ಸೋಫಾ ಇದ್ದರೂ ನೆಲದ ಮೇಲೇ ಕೂರುವ ಜನ

ಕೊರಿಯಾದವರ ಮನೆಗೆ ಹೋದರೆ ಹಾಲ್‌ನಲ್ಲಿ ದೊಡ್ಡ ಸೋಫಾ ಇರುತ್ತದೆ. ಅದರ ಮೇಲೆ ಮಾತ್ರ ಯಾರೂ ಇರುವುದಿಲ್ಲ. ಎಲ್ಲರೂ ಕೆಳಗೆ ನೆಲದ ಮೇಲೆ ಕೂತು, ಸೋಫಾಗೆ ಬೆನ್ನು ಕೊಟ್ಟು ಟಿವಿ ನೋಡುತ್ತಿರುತ್ತಾರೆ. ಅಷ್ಟು ದುಡ್ಡು ಕೊಟ್ಟು ತಂದಿದ್ದು ಒರಗುದಿಂಬಿಗಾಗಿ! ಇಲ್ಲಿನ ಸುವಾನ್ ನಗರಕ್ಕೆ ಬಂದ ಹೊಸದರಲ್ಲಿ ಇದು ನನಗೆ ತಮಾಷೆ ಅನ್ನಿಸುತ್ತಿತ್ತು. ಮೊದಲ ಚಳಿಗಾಲ ಮುಗಿಯುವ ಹೊತ್ತಿಗೆ ನಾನೂ ಕೆಳಗೇ ಕೂರುತ್ತಿದ್ದೆ. ಹೊರಗೆ ಮೈನಸ್ ಹತ್ತು, ಒಳಗೆ ಕಾಲಡಿಯ ನೆಲ ಬೆಚ್ಚಗೆ. ಮೇಲೆ ಯಾಕೆ ಕೂರಬೇಕು ಹೇಳಿ?

ಇದಕ್ಕೆ ಇಲ್ಲಿ ಒಂದೋಲ್ ಅನ್ನುತ್ತಾರೆ. ಹಳೇ ಮನೆಗಳಲ್ಲಿ ಅಡುಗೆಮನೆ ಮಲಗುವ ಕೋಣೆಗಿಂತ ತಗ್ಗಿನಲ್ಲಿರುತ್ತಿತ್ತು. ಒಲೆಯ ಮೇಲೆ ಅನ್ನ ಬೇಯುತ್ತಿದ್ದರೆ, ಅದೇ ಬೆಂಕಿಯ ಕಾವು ಮತ್ತು ಹೊಗೆ ಪಕ್ಕದ ಕೋಣೆಯ ನೆಲದಡಿ ಇರುವ ಕಾಲುವೆಗಳಲ್ಲಿ ಹರಿದು, ಆಚೆ ಬದಿಯ ಚಿಮಣಿಯಿಂದ ಹೊರಗೆ ಹೋಗುತ್ತಿತ್ತು. ಕಾಲುವೆ ಮೇಲೆ ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಕಾಗದ. ಒಲೆ ಬಾಯಿ ದಾಟಿದ ಕೂಡಲೇ ಒಂದು ಏರು, ಹೊಗೆ ತಿರುಗಿ ಅಡುಗೆಮನೆಗೆ ನುಗ್ಗಬಾರದು ಅಂತ. ಒಲೆ ಹತ್ತಿರದ ಚಪ್ಪಡಿ ದಪ್ಪ, ದೂರದ್ದು ತೆಳು. ಎಷ್ಟು ಲೆಕ್ಕ ಹಾಕಿದರೂ ಒಲೆ ಬದಿಯ ನೆಲ ಜಾಸ್ತಿ ಬಿಸಿ ಇದ್ದೇ ಇರುತ್ತಿತ್ತು. ಆ ಜಾಗ ಹಿರಿಯರಿಗೆ, ನೆಂಟರಿಗೆ. ತಡವಾಗಿ ಬರುವವರ ಅನ್ನದ ಬಟ್ಟಲನ್ನೂ ಅಲ್ಲೇ ಹೊದಿಕೆಯ ಕೆಳಗೆ ಮುಚ್ಚಿಡುತ್ತಿದ್ದರು.

ಆ ಕಾಗದದ ನೆಲವನ್ನು ಜಾಂಜು ಊರಿನ ಒಂದು ಹಳೇ ಮನೆಯಲ್ಲಿ ಉಳಿದಿದ್ದಾಗ ಹತ್ತಿರದಿಂದ ನೋಡಿದೆ. ಹಾನ್‌ಜಿ ಅಂತ, ಹಿಪ್ಪುನೇರಳೆ ಬಳಗದ ಒಂದು ಮರದ ತೊಗಟೆಯ ನಾರಿನಿಂದ ಮಾಡಿದ ಕಾಗದ. ಒಂದು ಹಾಳೆಯ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಪದರ ಪದರವಾಗಿ ಅಂಟಿಸುತ್ತಾರೆ. ನೆನೆಸಿದ ಸೋಯಾ ಕಾಳು ಅರೆದು, ಎಣ್ಣೆ ಬೆರೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಅದರ ಮೇಲೆ ಉಜ್ಜಿ ಉಜ್ಜಿ ಒಣಗಿಸುತ್ತಾರೆ. ಕೈಯಾಡಿಸಿದರೆ ಕಾಗದ ಅನ್ನಿಸುವುದೇ ಇಲ್ಲ, ಚರ್ಮ ಸವರಿದ ಹಾಗಿರುತ್ತದೆ. ಬಣ್ಣ ತಿಳಿ ಹಳದಿ, ಒಲೆ ಬದಿಗೆ ಮಾತ್ರ ಸುಟ್ಟ ಕಂದು.

ಇಷ್ಟು ಚೆಂದದ್ದನ್ನು ಕೊರಿಯಾದವರು ಏನು ಮಾಡಿದರು? ಬಹುಪಾಲು ಬಿಟ್ಟುಬಿಟ್ಟರು. ನನಗೆ ಇಷ್ಟವಾಗಿದ್ದೇ ಅದು.

ಬಿಡಲು ಕಾರಣವೂ ಇತ್ತು. ಮನೆಮನೆಗೆ ಸೌದೆ ಕಡಿದು ಕಡಿದು ಗುಡ್ಡಗಳು ಬೋಳಾಗಿದ್ದವು. ಆಮೇಲೆ ಯಾನ್‌ತಾನ್ ಬಂತು, ತೂತುತೂತಾದ ಕಲ್ಲಿದ್ದಲ ಉರುಟು ಬಿಲ್ಲೆ. ಅಗ್ಗ, ರಾತ್ರಿಯಿಡೀ ಉರಿಯುತ್ತಿತ್ತು. ಆದರೆ ನೆಲದ ಬಿರುಕಿನಿಂದ ಕಾರ್ಬನ್ ಮಾನಾಕ್ಸೈಡ್ ಒಳಗೆ ಬಂದು, ಮಲಗಿದವರು ಮಲಗಿದಲ್ಲೇ ಸಾಯುತ್ತಿದ್ದರು. 1960ರಿಂದ 80ರ ದಶಕದವರೆಗೂ ಚಳಿಗಾಲ ಬಂತೆಂದರೆ ಇದೇ ಸುದ್ದಿ. ತಲೆ ಸುತ್ತಿ ಬಿದ್ದವರಿಗೆ ಮೂಲಂಗಿ ಕಿಮ್ಚಿಯ (ಕಿಮ್ಚಿ ಅಂದರೆ ಇಲ್ಲಿನ ಹುಳಿ ಬರಿಸಿದ ಉಪ್ಪಿನಕಾಯಿ) ತಿಳಿ ನೀರು ಕುಡಿಸುವುದು ಮನೆಮದ್ದಾಗಿತ್ತಂತೆ. ಇಲ್ಲಿನ ವಯಸ್ಸಾದವರು ಈಗಲೂ ಅದನ್ನು ನಗುತ್ತಾ ಹೇಳುತ್ತಾರೆ. ಕೇಳುವ ನಮಗೆ ನಗು ಬರುವುದಿಲ್ಲ.

ಆಗ ಒಂದೋಲ್ ಬೇಡವೇ ಬೇಡ ಅನ್ನಬಹುದಿತ್ತು. ಮೊದಮೊದಲ ಅಪಾರ್ಟ್‌ಮೆಂಟ್‌ಗಳಲ್ಲಿ ಕೆಲವಕ್ಕೆ ಗೋಡೆಗೆ ರೇಡಿಯೇಟರ್ ಹಾಕಿ ನೋಡಿದ್ದೂ ಉಂಟು. ಜನಕ್ಕೆ ಹಿಡಿಸಲಿಲ್ಲ. ಗಾಳಿ ಬಿಸಿಯಾಗಿ ನೆಲ ತಣ್ಣಗಿದ್ದರೆ ಏನು ಪ್ರಯೋಜನ, ನಾವು ಕೂರುವುದು ಮಲಗುವುದು ನೆಲದ ಮೇಲೆ ಅಲ್ವಾ? ಕೊನೆಗೆ ಹೊಗೆ ಹೋಯಿತು, ಕಲ್ಲು ಹೋಯಿತು, ಸಿಮೆಂಟ್ ನೆಲದೊಳಗೆ ಬಿಸಿನೀರಿನ ಪೈಪ್ ಬಂತು. ಇಪ್ಪತ್ತನೇ ಮಹಡಿಯಲ್ಲೂ ಈಗ ಅದೇ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಇದೇ ಲೆಕ್ಕವನ್ನು ಎಷ್ಟೋ ಮೊದಲೇ ಹಾಕಿದ್ದ. ಟೋಕಿಯೊದ ಶ್ರೀಮಂತರೊಬ್ಬರ ಮನೆಯಲ್ಲಿ ಕೊರಿಯಾದ ಬೆಚ್ಚನೆಯ ಕೋಣೆಯಲ್ಲಿ ಕೂತು ಮರುಳಾಗಿ, 1937ರಲ್ಲಿ ಅಮೆರಿಕದಲ್ಲಿ ಕಟ್ಟಿದ ಜೇಕಬ್ಸ್ ಮನೆಯ ನೆಲದಡಿ ಪೈಪ್ ಹಾಕಿಸಿದ.

2018ರಲ್ಲಿ ಕೊರಿಯಾ ಸರ್ಕಾರ ಒಂದೋಲ್ ಪದ್ಧತಿಯನ್ನು ರಾಷ್ಟ್ರೀಯ ಪರಂಪರೆ ಪಟ್ಟಿಗೆ ಸೇರಿಸಿತು. ಬೇರೆ ಕಲೆಗಳಿಗೆ ಮಾಡುವ ಹಾಗೆ ಇಂಥವರೇ ಇದರ ಪಾರಂಗತರು ಅಂತ ಯಾರನ್ನೂ ಹೆಸರಿಸಲಿಲ್ಲ. ಇಡೀ ದೇಶವೇ ಬೆಚ್ಚನೆಯ ನೆಲದ ಮೇಲೆ ಮಲಗುವಾಗ ಯಾರನ್ನು ಹೆಸರಿಸುವುದು!

ಈಗ ನಮ್ಮ ಕಡೆಯದು ಹೇಳುತ್ತೇನೆ, ಬೈಯಬೇಡಿ. ನಮ್ಮೂರು ಕೊಪ್ಪದ ಹತ್ತಿರ. ಮಳೆಗಾಲದಲ್ಲಿ ಬಚ್ಚಲೊಲೆಗೆ ಬೆಳಗಿನಿಂದ ಬೆಂಕಿ, ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ. ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ. ಒದ್ದೆ ಬಟ್ಟೆ, ಬೆಕ್ಕು, ಶಾಲೆಯಿಂದ ನೆನೆದು ಬಂದ ಮಕ್ಕಳು ಎಲ್ಲ ಅಲ್ಲೇ. ಈ ಕಾವನ್ನು ಗೋಡೆಯಾಚೆ ಒಂದು ಕೋಣೆಗಾದರೂ ಕಳಿಸೋಣ ಅಂತ ನಮಗೆ ಹೊಳೆಯಲಿಲ್ಲ. ಹೋಗಲಿ, ಅಷ್ಟು ಚಳಿ ನಮಗಿಲ್ಲ, ಒಪ್ಪುತ್ತೇನೆ. ಆದರೆ ಮಣ್ಣಿನ ನೆಲ, ಕಾವಿ ನೆಲ ಕಿತ್ತು ನಾವು ಹಾಕಿಸಿದ್ದೇನು? ಹೊಳೆಯುವ ಟೈಲ್ಸ್. ಜುಲೈ ತಿಂಗಳಲ್ಲಿ ಅದರ ಮೇಲೆ ಬರಿಗಾಲಿಡಲು ಆಗದೆ ಅಮ್ಮ ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಓಡಾಡುತ್ತಾಳೆ. ಇತ್ತ ಹಂಡೆ ಒಲೆ ಹೋಮ್‌ಸ್ಟೇಗಳಲ್ಲಿ ಫೋಟೋ ತೆಗೆಯುವ ವಸ್ತುವಾಗಿದೆ. ಅವರು ಸಾಮಾನು ಬಿಟ್ಟು ಅಭ್ಯಾಸ ಉಳಿಸಿಕೊಂಡರು. ನಾವು ಅಭ್ಯಾಸ ಬಿಟ್ಟು ಸಾಮಾನನ್ನು ಶೋಕೇಸ್‌ಗೆ ಇಟ್ಟೆವು.

ಕೈಕೆಲಸದ ವಿಷಯದಲ್ಲಿ ಮಾತ್ರ ಕೊರಿಯಾದವರನ್ನು ಅಷ್ಟು ಹೊಗಳಲು ಮನಸ್ಸು ಬರುವುದಿಲ್ಲ. ಎಣ್ಣೆ ಕಾಗದದ ನೆಲ ಹೋಗಿ ಅದೇ ಹಳದಿ ಬಣ್ಣದ ಪ್ಲಾಸ್ಟಿಕ್ ಹಾಸು ಬಂತು, ಅದೂ ಹೋಗಿ ಈಗ ಮರದಂತೆ ಕಾಣುವ ಹಲಗೆ. ಹಳೇ ರೀತಿಯಲ್ಲಿ ನೆಲದ ಕಲ್ಲು ಕೂರಿಸಬಲ್ಲ ಮೇಸ್ತ್ರಿಗಳು ತೀರಾ ಕಮ್ಮಿ. ತುಂಡು ಬಟ್ಟೆ ಜೋಡಿಸಿ ಹೊಲಿಯುವ ಜೊಗಾಕ್‌ಬೊ ಅಂತೊಂದಿದೆ, ಉಡುಗೊರೆ ಸುತ್ತಲು, ಊಟದ ಮೇಲೆ ಮುಚ್ಚಲು ಬಳಸುತ್ತಿದ್ದ ಬಟ್ಟೆ. ಬೆಳಕಿಗೆ ಹಿಡಿದರೆ ಹೊಲಿಗೆ ಗೆರೆಗಳೆಲ್ಲ ಕಾಣುತ್ತವೆ. ಇವತ್ತು ಅದು ಕೆಫೆಯ ಕಿಟಕಿಯಲ್ಲಿ ಪರದೆ. ನಮ್ಮ ಉತ್ತರ ಕರ್ನಾಟಕದ ಕೌದಿ ಈ ಮಟ್ಟಿಗೆ ಮೇಲು. ಆನ್‌ಲೈನ್‌ನಲ್ಲಿ ಬೆಲೆ ಏರಿಸಿಕೊಂಡು ಕೂತಿದ್ದರೂ, ಹಳೇ ಸೀರೆ ಹೊಲಿದ ಕೌದಿ ಹೊದ್ದು ಮಲಗುವವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಕೊರಿಯಾದವರು ಕಿಮ್ಚಿ ಜಾಡಿಯನ್ನು ನೆಲದಲ್ಲಿ ಹೂಳುವುದು ಬಿಟ್ಟು ಕಿಮ್ಚಿಗೇ ಬೇರೆ ಫ್ರಿಜ್ ಮಾಡಿಕೊಂಡರಲ್ಲ, ಅಂಥ ಜಾಣತನ ಬಟ್ಟೆಗೆ, ಕಾಗದಕ್ಕೆ ಸಿಗಲಿಲ್ಲ.

ಒಂದೋಲ್‌ನಲ್ಲಿ ತೊಂದರೆ ಇಲ್ಲವೇ ಅಂದರೆ, ಇದೆ. ಪೈಪ್‌ನ ನೀರು ಕಾಯಿಸುವ ಗ್ಯಾಸ್‌ಗೆ 2023ರ ಜನವರಿಯಲ್ಲಿ ಬಂದ ಬಿಲ್ ಇಲ್ಲಿ ದೇಶಕ್ಕೇ ಜಗಳವಾಗಿತ್ತು. ನೆಲದೊಳಗಿನ ಪೈಪ್ ಸೋರಿದರೆ ಕೆಳಗಿನ ಮನೆಯವರು ಬಂದು ಬಾಗಿಲು ಬಡಿಯುತ್ತಾರೆ, ನೆಲ ಅಗೆಯದೆ ಗತಿಯಿಲ್ಲ. ಹೋಟೆಲ್‌ಗಳಲ್ಲಿ ಮಂಡಿ ನೋವಿನವರಿಗಾಗಿ ನೆಲದ ಸಾಲು ತೆಗೆದು ಕುರ್ಚಿ ಮೇಜು ಹಾಕುತ್ತಿದ್ದಾರೆ.

ನಮ್ಮವರಿಗೆ ಉಪಯೋಗವಾಗುವ ಮಾತು ಒಂದಿದೆ. ಇಲ್ಲೂ ಜೂನ್ ಕೊನೆಯಿಂದ ಮಳೆ ಹಿಡಿಯುತ್ತದೆ, ಮನೆಯೆಲ್ಲ ಪಿಚಪಿಚ. ಆಗ ಚಳಿ ಇಲ್ಲದಿದ್ದರೂ ಕೆಲವರು ಸ್ವಲ್ಪ ಹೊತ್ತು ನೆಲದ ಪೈಪ್‌ಗೆ ನೀರು ಕಾಯಿಸುವ ಬಾಯ್ಲರ್ ಹಾಕುತ್ತಾರೆ. ನೆಲದ ಥಂಡಿ ಆರುತ್ತದೆ, ಸ್ಟ್ಯಾಂಡ್ ಮೇಲಿನ ಬಟ್ಟೆ ಬೇಗ ಒಣಗುತ್ತದೆ, ಗೋಡೆಗೆ ಬೂಷ್ಟು ಹಿಡಿಯುವುದು ತಪ್ಪುತ್ತದೆ. ಮಲೆನಾಡಿಗೆ ಬೇಕಾಗಿದ್ದು ಇದೇ ಅಲ್ವಾ? ಇಡೀ ಮನೆಗೆ ಬೇಡ. ಬಚ್ಚಲೊಲೆಯಲ್ಲಿ ಹೇಗೂ ನೀರು ಕಾಯುತ್ತದೆ. ವಯಸ್ಸಾದವರು ಮಲಗುವ ಒಂದು ಕೋಣೆಯ ನೆಲದಡಿ ಪೈಪ್ ಸುತ್ತಿಸಿ, ಚಿಕ್ಕ ಪಂಪ್ ಇಟ್ಟರೆ ಸಾಕು ಅಂತ ನನ್ನ ಲೆಕ್ಕ. ಊರಲ್ಲಿ ಮನೆ ರಿಪೇರಿ ಮಾಡಿಸುತ್ತಿರುವ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಟೈಲ್ಸ್ ಆಗಲೇ ಅಂಗಳದಲ್ಲಿ ಬಂದು ಬಿದ್ದಿದೆ ಮಾರಾಯ ಅಂದ.