ವಾಲ್ವ್ ಸೋರ್ತಿದೆ ಅಂದ್ರೆ ಮೊದಲು ಇಸಿಜಿ ತೆಗೆದು ನೋಡಿ

ಹಾರ್ಟ್ ವೀಕ್ ಆದವರ ಎಕೋ ರಿಪೋರ್ಟಿನಲ್ಲಿ 'ಸಿವಿಯರ್ ಎಂಆರ್' (ಹೃದಯದ ಎಡಭಾಗದ ಮೈಟ್ರಲ್ ವಾಲ್ವ್ ಜೋರಾಗಿ ಸೋರ್ತಿದೆ) ಅಂತ ಕಂಡರೆ ಸಾಕು, ಜಯದೇವದ ಒಪಿಡಿ ಇರಲಿ, ಖಾಸಗಿ ಆಸ್ಪತ್ರೆ ಇರಲಿ, ಮನೆಯವರು ಕೇಳೋದು ಒಂದೇ: 'ಸರ್, ವಾಲ್ವ್ ಯಾವಾಗ ಬದಲಾಯಿಸ್ತೀರ?' ಅದಕ್ಕಿಂತ ಮೊದಲು ಕೇಳಬೇಕಾದ್ದು ಇಸಿಜಿಯಲ್ಲಿ ಕ್ಯೂಆರ್‌ಎಸ್, ಅಂದ್ರೆ ಹೃದಯದ ಕೆಳಕೋಣೆಗಳಿಗೆ ಕರೆಂಟು ಹರಡುವಾಗ ಮೂಡುವ ಚೂಪು ಅಲೆ, ಎಷ್ಟು ಅಗಲ ಇದೆ ಅಂತ.

ರುಮ್ಯಾಟಿಕ್ ಜ್ವರದಿಂದ ಕೆಟ್ಟ ವಾಲ್ವಿನ ಮಾತು ಬೇರೆ. ನಮ್ಮಲ್ಲಿ ಅದೂ ಬೇಕಾದಷ್ಟಿದೆ. ಇಲ್ಲಿ ಹೇಳ್ತಿರೋದು ವಾಲ್ವ್ ಚೆನ್ನಾಗಿದ್ದೂ ಸೋರುವ ಹೃದಯದ ಬಗ್ಗೆ. ಬಾಗಿಲು ಸರಿಯಿದೆ, ಚೌಕಟ್ಟು ಹಿಗ್ಗಿದೆ. ಎಡ ಕುಹರ (ಕೆಳಕೋಣೆ) ಊದಿಕೊಂಡಾಗ ಮೈಟ್ರಲ್ ವಾಲ್ವಿನ ದಳಗಳನ್ನು ಹಿಡಿದಿರುವ ದಾರಗಳು ಕೆಳಕ್ಕೆ ಎಳೆದುಕೊಂಡು, ದಳಗಳು ಒಂದಕ್ಕೊಂದು ತಾಗುವುದೇ ಇಲ್ಲ. ಜೊತೆಗೆ ಎಲ್‌ಬಿಬಿಬಿ (ಎಡಭಾಗಕ್ಕೆ ಕರೆಂಟು ಒಯ್ಯುವ ದಾರಿಯಲ್ಲಿ ತಡೆ) ಇದ್ದರೆ ಕರೆಂಟು ಎಡಗೋಡೆಗೆ ತಡವಾಗಿ ಮುಟ್ಟುತ್ತದೆ. ದಾರ ಹಿಡಿದ ಎರಡು ಸ್ನಾಯುಗಳು ಒಟ್ಟಿಗೆ ಬಿಗಿಯುವುದಿಲ್ಲ, ರಕ್ತ ಹಿಂದಕ್ಕೆ ನುಗ್ಗುತ್ತದೆ.

ಈ ತಾಳ ತಪ್ಪಿದ್ದನ್ನು ಸರಿ ಮಾಡೋದೇ ಸಿಆರ್‌ಟಿ, ಎರಡೂ ಕುಹರಗಳನ್ನು ಒಟ್ಟಿಗೆ ಬಡಿಸುವ ಪೇಸ್‌ಮೇಕರ್. ಸಾಮಾನ್ಯವಾಗಿ ಮೂರು ತಂತಿ: ಬಲ ಹೃತ್ಕರ್ಣಕ್ಕೊಂದು (ಮೇಲ್ಕೋಣೆ), ಬಲ ಕುಹರಕ್ಕೊಂದು, ಮೂರನೆಯದು ಕೊರೊನರಿ ಸೈನಸ್ ಎಂಬ ಹೃದಯದ ಅಭಿಧಮನಿಯ ಮೂಲಕ ಎಡಗೋಡೆಯ ಹೊರಗಿನ ರಕ್ತನಾಳಕ್ಕೆ. ಸೋರಿಕೆ ಕೆಲವರಲ್ಲಿ ಪೇಸಿಂಗ್ ಶುರುವಾದ ಕೂಡಲೇ ಕಡಿಮೆಯಾಗುತ್ತದೆ. ಇನ್ನುಳಿದದ್ದು ಕುಹರ ಕುಗ್ಗಿದ ಮೇಲೆ, ತಿಂಗಳುಗಟ್ಟಲೆ ಕಾದು.

ಯಾರಿಗೆ? ಇಎಫ್ (ಪ್ರತಿ ಬಡಿತಕ್ಕೆ ಎಡ ಕುಹರ ಹೊರದೂಡುವ ರಕ್ತದ ಪಾಲು) 35% ಅಥವಾ ಕಡಿಮೆ, ಎಲ್‌ಬಿಬಿಬಿ, ಕ್ಯೂಆರ್‌ಎಸ್ 150 ಮಿಲಿಸೆಕೆಂಡ್ ಅಥವಾ ಹೆಚ್ಚು, ಕನಿಷ್ಠ ಮೂರು ತಿಂಗಳು ಸರಿಯಾದ ಡೋಸಿನಲ್ಲಿ ಮಾತ್ರೆ ತೆಗೆದುಕೊಂಡೂ ಏದುಸಿರು ಹೋಗದವರಿಗೆ ಲಾಭ ಹೆಚ್ಚು. ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡಿದರೆ ಒಂದು ಪುಟ್ಟ ಚೌಕ 40 ಮಿಲಿಸೆಕೆಂಡ್; ಸುಮಾರು ನಾಲ್ಕು ಚೌಕ ಅಗಲ ಇದೆಯಾ ಅಂತ ನೀವೇ ಎಣಿಸಿ ನೋಡಬಹುದು. ಕ್ಯೂಆರ್‌ಎಸ್ 130ಕ್ಕಿಂತ ಕಿರಿದಾಗಿದ್ದರೆ ಎಕೋದಲ್ಲಿ 'ಡಿಸ್‌ಸಿಂಕ್ರೊನಿ' (ತಾಳ ತಪ್ಪಿದೆ) ಅಂತ ಬರೆದಿದ್ದರೂ ಇದಕ್ಕಾಗಿ ಸಿಆರ್‌ಟಿ ಹಾಕಿಸಬಾರದು.

ಹಾಕಿಸಿದ ಸುಮಾರು ಮೂರರಲ್ಲಿ ಒಬ್ಬರಿಗೆ ನಿರೀಕ್ಷಿಸಿದ ಲಾಭ ಸಿಗುವುದಿಲ್ಲ. ಆಗ 'ಡಿವೈಸ್ ಫೇಲ್' ಅಂತ ಕೈಚೆಲ್ಲುವವರ ಮೇಲೆ ನನಗೆ ಸಿಟ್ಟಿದೆ. ಮೊದಲು ಪೇಸಿಂಗ್ ಶೇಕಡಾವಾರು, ಅಂದ್ರೆ ನೂರರಲ್ಲಿ ಎಷ್ಟು ಬಡಿತ ಡಿವೈಸಿನಿಂದ ಆಗ್ತಿದೆ ಅನ್ನೋದನ್ನು, ತೆಗೆಸಿ. ಗುರಿ 98ರ ಮೇಲೆ. ಏಟ್ರಿಯಲ್ ಫಿಬ್ರಿಲೇಶನ್ನೋ (ಮೇಲ್ಕೋಣೆಗಳ ಅಡ್ಡಾದಿಡ್ಡಿ ಬಡಿತ) ಮೇಲಿಂದ ಮೇಲೆ ಬರುವ ಹೆಚ್ಚುವರಿ ಬಡಿತಗಳೋ ಅದನ್ನು ತಿಂದುಹಾಕುತ್ತವೆ. ಎಡ ತಂತಿ ಜಾರಿರಬಹುದು, ತುದಿಗೆ ಹೋಗಿ ಕೂತಿರಬಹುದು, ಎಕ್ಸ್‌ರೇ ಸಾಕು. ಹೊಟ್ಟೆಯ ಮೇಲ್ಭಾಗ ಬಿಕ್ಕಳಿಕೆಯಂತೆ ಕುಣಿಯುತ್ತಿದ್ದರೆ ತಂತಿ ವಪೆಯ (ಎದೆ-ಹೊಟ್ಟೆ ನಡುವಿನ ಸ್ನಾಯು) ಫ್ರೆನಿಕ್ ನರವನ್ನು ಕೆಣಕುತ್ತಿದೆ. ಹಲವು ಸಲ ಪ್ರೋಗ್ರಾಮಿಂಗ್‌ನಲ್ಲೇ ಸರಿಹೋಗುತ್ತದೆ. ಬಲಭಾಗದ ಟ್ರೈಕಸ್ಪಿಡ್ ವಾಲ್ವ್ ದಾಟುವ ತಂತಿಯೇ ಅಲ್ಲಿ ಸೋರಿಕೆ ತರುವುದೂ ಉಂಟು.

ಇಷ್ಟೆಲ್ಲ ಆದಮೇಲೂ ಮೈಟ್ರಲ್ ಸೋರಿಕೆ ಉಳಿದರೆ ಕ್ಲಿಪ್ ಮಾತು: ರಕ್ತನಾಳದ ಮೂಲಕ ಹೋಗಿ ವಾಲ್ವಿನ ದಳಗಳನ್ನು ಹಿಡಿದು ಜೋಡಿಸುವ ಸಾಧನ. 2018ರ ಕೋಆಪ್ಟ್ ಅಧ್ಯಯನದಲ್ಲಿ ಕ್ಲಿಪ್ ಗೆದ್ದದ್ದು ಮಾತ್ರೆ, ಅಗತ್ಯವಿದ್ದವರಿಗೆ ಸಿಆರ್‌ಟಿ, ಎರಡೂ ಮುಗಿದ ರೋಗಿಗಳಲ್ಲಿ. ಅದೇ ವರ್ಷದ ಮಿತ್ರಾ-ಎಫ್‌ಆರ್‌ನಲ್ಲಿ ಕ್ಲಿಪ್‌ನಿಂದ ಅಂಥ ಲಾಭ ಕಾಣಲಿಲ್ಲ.