ಮೂರು ಗೀರು, ಎರಡಕ್ಷರ, ಒಂದು ‘ಪ’

ಆಟಿ ಮಳೆಗೆ ನಮ್ಮ ಕೋಣೆಯ ಬಾಗಿಲು ಉಬ್ಬಿದೆ. ಹೆಗಲು ಕೊಟ್ಟು ದೂಡದೆ ಮುಚ್ಚುವುದಿಲ್ಲ. ಕಾಸರಗೋಡಿನ ಹಳೇ ಮನೆಗಳಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಅಂಚು ಸ್ವಲ್ಪ ಕೀಸಿದರೆ ಮುಗಿಯಿತು. ಆದರೆ ಅಜ್ಜನ ಕೀಸುಳಿ ಬೇಸಗೆಯಿಂದ ಆಚೆಮನೆ ಭಾವನಲ್ಲೇ ಇತ್ತು.

ಮೂರನೇ ಸಲ ಕೇಳಿದ ಮೇಲೆ ನಿನ್ನೆ ತಂದುಕೊಟ್ಟರು. ಮೈಮೇಲೆ ಕೆಂಪು ಪೇಂಟಿನ ದೊಡ್ಡ ‘ಪ’. ಅವರ ಮನೆ ಹೆಸರಿನ ಮೊದಲಕ್ಷರ.

“ಇದೆಂತ ಭಾವ?”

“ಗುರುತು ಮಾರಾಯ. ಯಾರಾದ್ರೂ ಕೊಂಡೋದ್ರೆ?”

ಕೊಂಡುಹೋದವರೇ ಹೇಳುವ ಮಾತಾ ಇದು!

ಗೇಟಿಗೆ ಬಳಿದು ಅರ್ಧ ಡಬ್ಬಿ ಪೇಂಟ್ ಉಳಿದದ್ದೇ ತಪ್ಪಾಯಿತು. ಏಣಿ, ದೋಟಿ, ಪಿಕ್ಕಾಸು, ಬಕೆಟ್, ಎಲ್ಲಕ್ಕೂ ‘ಪ’. ಪಾತ್ರೆಗೆ ಹೆಸರು ಹಾಕಿಸುವುದು ಸರಿ, ಜಂಬರದ ಮನೆಗೆ ಹೋದದ್ದು ತಿರುಗಿ ಬರಬೇಕಲ್ಲ. ಆದರೆ ಬ್ರಹ್ಮಕಲಶದ ಗದ್ದಲದಲ್ಲಿ ಒಮ್ಮೆ ಚಪ್ಪಲಿ ಹೋದ ಮೇಲೆ ಭಾವ ಅದನ್ನೂ ಬಿಡಲಿಲ್ಲ. ಮೇಲೆ ಬರೆದರೆ ಕಾಲು ಉಜ್ಜಿ ಅಳಿಯುತ್ತದೆಂದು ಅಡಿಗೆ ಬರೆದಿದ್ದಾರೆ. ನಿನ್ನೆ ಅದು ಒಣಗಿರಲಿಲ್ಲ. ಹೋದ ತಿಂಗಳು ಹಾಕಿಸಿದ ಇಂಟರ್‌ಲಾಕ್ ಮೇಲೆ, ಗೇಟಿನಿಂದ ಮೆಟ್ಟಿಲವರೆಗೆ, ಅಷ್ಟಮಿಯ ಕೃಷ್ಣನ ಹೆಜ್ಜೆಯ ಹಾಗೆ ಸಾಲಾಗಿ ಉಲ್ಟಾ ‘ಪ’. ನನ್ನ ಅಂಗಳವೂ ಈಗ ಅವರದ್ದೇ.

ಇಂಗ್ಲೆಂಡಿನ ಹಳೇ ಮರದ ಕೀಸುಳಿಗಳಲ್ಲೂ ಹೀಗೆ ಹೆಸರಿರುತ್ತದೆ. ಮುಂದಿನ ತುದಿಯಲ್ಲಿ ಮಾಡಿದವನ ಮುದ್ರೆ. ಅದರ ಅಕ್ಕಪಕ್ಕ, ಕೈ ಬದಲಾದ ಹಾಗೆ, ಒಬ್ಬೊಬ್ಬ ಬಡಗಿಯ ಹೆಸರು. ಉಕ್ಕಿನ ಅಚ್ಚು ಇಟ್ಟು ಸುತ್ತಿಗೆಯಲ್ಲಿ ಬಡಿದದ್ದು. ಸರ್ಕಾರದ ಸೊತ್ತಾದರೆ ಬಾಣದ ಗುರುತು. ಅವರದ್ದು ಸೊತ್ತು ಮೊದಲು, ಹೆಸರು ಆಮೇಲೆ. ಭಾವನದ್ದು ಹೆಸರೇ ಮೊದಲು.

ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜುತ್ತಾ ಕೂತೆ. ಪೇಂಟಿನಡಿಯಿಂದ ಅಜ್ಜನ ಎರಡಕ್ಷರ ಎದ್ದು ಬಂತು. ಮೊಳೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ್ದು, ಎರಡನೆಯದು ಸ್ವಲ್ಪ ಓರೆ. ಹೆಬ್ಬೆರಳು ಊರುವಲ್ಲಿ ಮರ ಸವೆದು ಗುಳಿ ಬಿದ್ದಿದೆ. ನನ್ನ ಬೆರಳು ಅದರಲ್ಲಿ ಸರಿಯಾಗಿ ಕೂತಿತು. ಸುಮ್ನೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡೆ.

ಆಮೇಲೆ ಕಂಡದ್ದು ಅಕ್ಷರದ ಪಕ್ಕದ ಮೂರು ಗೀರು. ಗರಗಸದಲ್ಲಿ ಎಳೆದದ್ದು, ಅಕ್ಷರಕ್ಕಿಂತ ಹಳೆಯದು. ಯಾವುದೋ ಆಚಾರಿಯ ಗುರುತಿರಬೇಕು. ಅಜ್ಜ ಇದನ್ನು ಕೊಂಡದ್ದೋ, ಬಾಗಿಲು ಉಬ್ಬಿತೆಂದು ಕೇಳಿ ತಂದದ್ದೋ?

ಇವತ್ತು ಬೆಳಿಗ್ಗೆ ಭಾವನ ಮಗ ಬಂದ.

“ಮಾವ, ನಮ್ಮ ಕೀಸುಳಿ ಇಲ್ಲಿ ಉಂಟಂತೆ. ಅಪ್ಪ ತರ್ಲಿಕ್ಕೆ ಹೇಳಿದ್ರು.”