ಬ್ರಿಟಿಷ್ ಸಂಸತ್ತಿನಲ್ಲಿ ಸಾಯುವುದು ಅಪರಾಧವೇ? ಇಲ್ಲಿದೆ ಸತ್ಯಾಂಶ

ಬ್ರಿಟನ್ನಿನ ಸಂಸತ್ ಭವನದೊಳಗೆ ಸಾಯುವುದು ಕಾನೂನುಬಾಹಿರ ಎಂಬ ಸಂದೇಶ ‘ವಿಚಿತ್ರ ಕಾನೂನುಗಳು’ ಎಂಬ ತಲೆಬರಹದಡಿ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಹರಿದಾಡುತ್ತದೆ. ಅಂಥ ಕಾನೂನು ಇಲ್ಲ. ಅರಮನೆಯ ಸ್ಥಾನಮಾನವುಳ್ಳ ಆ ಕಟ್ಟಡದಲ್ಲಿ ಸತ್ತವರಿಗೆ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಸಬೇಕಾಗುತ್ತದೆ, ಆದ್ದರಿಂದಲೇ ಈ ನಿಷೇಧ ಎಂದು ಕಾರಣವನ್ನೂ ಜೋಡಿಸಿ ಹೇಳಲಾಗುತ್ತದೆ. ಆದರೆ ಹಳೆಯ ಕಾಯ್ದೆಗಳನ್ನು ಪರಿಶೀಲಿಸುವ ಅಲ್ಲಿನ ಕಾನೂನು ಆಯೋಗಕ್ಕೆ ಇಂಥ ನಿಷೇಧದ ಕುರುಹು ಎಲ್ಲಿಯೂ ಸಿಕ್ಕಿಲ್ಲ.

1812ರ ಮೇ 11ರ ಸಂಜೆ ಪ್ರಧಾನಿ ಸ್ಪೆನ್ಸರ್ ಪರ್ಸಿವಲ್ ಅವರು ಕಾಮನ್ಸ್ ಸಭೆಯ ಮೊಗಸಾಲೆಗೆ ಕಾಲಿಡುತ್ತಿದ್ದಂತೆ, ಅಲ್ಲೇ ಕಾದಿದ್ದ ಜಾನ್ ಬೆಲ್ಲಿಂಗ್‌ಹ್ಯಾಮ್ ಎಂಬ ವ್ಯಾಪಾರಿ ಅವರ ಎದೆಗೆ ಗುಂಡು ಹಾರಿಸಿದ. ಪಕ್ಕದ ಕೋಣೆಗೆ ಹೊತ್ತೊಯ್ದ ಕೆಲವೇ ನಿಮಿಷಗಳಲ್ಲಿ ಅವರು ಪ್ರಾಣಬಿಟ್ಟರು. ಸಂಸತ್ತಿನಲ್ಲೇ ಸತ್ತ ಈ ಪ್ರಧಾನಿಯ ಅಂತ್ಯಕ್ರಿಯೆ ಪತ್ನಿಯ ಇಚ್ಛೆಯಂತೆ ಖಾಸಗಿಯಾಗಿಯೇ ನಡೆಯಿತು. ವದಂತಿಯನ್ನು ಅಲ್ಲಗಳೆಯಲು ಇದೊಂದೇ ಪ್ರಸಂಗ ಸಾಕೆಂದು ನನಗನಿಸುತ್ತದೆ.

ಹಾಗೆಂದು ಇಂಥ ಪಟ್ಟಿಗಳಲ್ಲಿರುವುದೆಲ್ಲ ಸುಳ್ಳಲ್ಲ. ಯುದ್ಧಕವಚ ತೊಟ್ಟು ಸಂಸತ್ತಿಗೆ ಬರಬಾರದೆಂಬ 1313ರ ಶಾಸನ, ಶ್ರೀಮಂತ ಸರದಾರರು ಶಸ್ತ್ರಸಜ್ಜಿತ ಬೆಂಬಲಿಗರೊಂದಿಗೆ ಓಡಾಡುತ್ತಿದ್ದ ಎರಡನೇ ಎಡ್ವರ್ಡನ ಕಾಲದ್ದು, ಇಂದಿಗೂ ರದ್ದಾಗಿಲ್ಲ. ಕುಡಿದ ಮತ್ತಿನಲ್ಲಿ ಸಾರ್ವಜನಿಕ ರಸ್ತೆಯಲ್ಲಿ ದನ, ಕುದುರೆ ಅಥವಾ ಉಗಿಯಂತ್ರವನ್ನು ನಡೆಸುವುದು 1872ರ ಪರವಾನಗಿ ಕಾಯ್ದೆಯಡಿ ಈಗಲೂ ಅಪರಾಧವೇ.